ಹಾರ ಬೇಡ, ಪ್ರತಿ ಹುಡುಕಿ: ಮರೆತ ಲೇಖಕಿಯರನ್ನು ಮತ್ತೆ ಓದಿಸುವ ಸೂತ್ರಗಳು

ಮಾರ್ಚ್ ತಿಂಗಳಲ್ಲಿ ನಂಜನಗೂಡು ತಿರುಮಲಾಂಬ ಅವರ ಭಾವಚಿತ್ರಕ್ಕೆ ಹಾರ ಬೀಳುತ್ತದೆ. ಭಾಷಣಕಾರರು ಒಂದೇ ಉಸಿರಿನಲ್ಲಿ ಮೊದಲ ಕಾದಂಬರಿಗಾರ್ತಿ, ಮೊದಲ ಪ್ರಕಾಶಕಿ, ಮೊದಲ ಸಂಪಾದಕಿ ಎಂದು ಮುಗಿಸಿ ಕುಳಿತುಕೊಳ್ಳುತ್ತಾರೆ. ಅವರ ‘ಸುಶೀಲೆ’ಯನ್ನು ಓದಿದವರು ಕೈ ಎತ್ತಿ ಎಂದರೆ ಸಭೆಯಲ್ಲಿರಲಿ, ವೇದಿಕೆಯ ಮೇಲೂ ಒಂದು ಕೈ ಏಳುವುದು ಅನುಮಾನ. ಅವರ ಹೆಸರಿನ ಪ್ರಶಸ್ತಿ ಗೊತ್ತಿರುವಷ್ಟು ಜನಕ್ಕೆ ಅವರ ಪುಸ್ತಕ ಗೊತ್ತಿಲ್ಲ.

ಮರೆವು ತಾನಾಗಿ ಬರುವುದಿಲ್ಲ. ಹೆಸರು ಬದಲಾಗಿರುತ್ತದೆ, ಎರಡನೆಯ ಮುದ್ರಣ ಆಗಿರುವುದಿಲ್ಲ, ಗ್ರಂಥಾಲಯದ ಪಟ್ಟಿಯಲ್ಲಿ ತಪ್ಪು ಕಾಗುಣಿತ ಕೂತಿರುತ್ತದೆ, ಪಠ್ಯದಿಂದ ಕೈಬಿಟ್ಟಿರುತ್ತಾರೆ. ಇವೆಲ್ಲ ಗುಮಾಸ್ತಿಕೆಯ ತೊಡಕುಗಳು, ಬಿಡಿಸುವುದಕ್ಕೂ ಬೇಕಾದದ್ದು ಗುಮಾಸ್ತನ ತಾಳ್ಮೆಯೇ. ಭಕ್ತಿ ಇದ್ದರೆ ಇರಲಿ, ಅದು ಸಾಕಾಗುವುದಿಲ್ಲ. ಕೆಲಸಕ್ಕೆ ಇಳಿಯುವವರಿಗೆ ಕೆಲವು ಸೂತ್ರಗಳು ಇಲ್ಲಿವೆ.

1. ಒಬ್ಬರನ್ನೇ ಹಿಡಿಯಿರಿ, ನಿಮ್ಮ ಸೀಮೆಯವರನ್ನೇ ಹಿಡಿಯಿರಿ

‘ಕನ್ನಡದ ಎಲ್ಲ ಮರೆತ ಲೇಖಕಿಯರು’ ಎಂಬ ಯೋಜನೆ ಹಾಕಿಕೊಂಡವರು ಮುನ್ನುಡಿ ಬರೆಯುವ ಹೊತ್ತಿಗೇ ಸುಸ್ತಾಗುತ್ತಾರೆ. ಒಬ್ಬರು ಸಾಕು. ಉಡುಪಿಯ ಕಡೆಯವರಿಗೆ ಸರಸ್ವತೀಬಾಯಿ ರಾಜವಾಡೆ ಇದ್ದಾರೆ. ಚಳ್ಳಕೆರೆಯವರಿಗೆ ಬೆಳಗೆರೆ ಜಾನಕಮ್ಮ, ಧಾರವಾಡದವರಿಗೆ ಶ್ಯಾಮಲಾದೇವಿ ಬೆಳಗಾಂವಕರ, ಬೆಂಗಳೂರಿನವರಿಗೆ ಆರ್. ಕಲ್ಯಾಣಮ್ಮ. ಗಡಿಯಾಚೆ ಸೊಲ್ಲಾಪುರದಲ್ಲಿ ಜಯದೇವಿತಾಯಿ ಲಿಗಾಡೆ ಇದ್ದರು. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಅವರೇ. ಸಮ್ಮೇಳನ ಆರಂಭವಾದದ್ದು 1915ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ.

ಊರಿನವರಾದರೆ ಲಾಭ ಬೇರೆ ಇದೆ. ಅವರ ಮನೆಯ ಬೀದಿ ಗೊತ್ತಿರುವ ಹಿರಿಯರು ಸಿಗುತ್ತಾರೆ. ನಿವೃತ್ತ ಕನ್ನಡ ಮೇಷ್ಟರೊಬ್ಬರ ಕಪಾಟಿನಲ್ಲಿ ಒಂದು ಪ್ರತಿ ಇರುತ್ತದೆ. ಬಸ್ ಚಾರ್ಜೂ ಕಡಿಮೆ.

2. ಹೆಸರುಗಳ ಪಟ್ಟಿ ಮಾಡಿ, ಆಮೇಲೆ ಹುಡುಕಿ

ಕೊಡಗಿನ ಗೌರಮ್ಮ ಎಂಬ ಹೆಸರಿನಲ್ಲೇ ಹಳೆಯ ಪತ್ರಿಕೆ ತಿರುವಿದರೆ ಅವರ ಎಷ್ಟೋ ಕತೆಗಳು ಕಣ್ಣಿಗೇ ಬೀಳುವುದಿಲ್ಲ. ಅವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಗಂಡನ ಹೆಸರಿನಲ್ಲಿ ಬರೆಯುತ್ತಿದ್ದರು. ಸರಸ್ವತೀಬಾಯಿ ರಾಜವಾಡೆಯವರು ‘ಗಿರಿಬಾಲೆ’. ‘ವಾಣಿ’ ಅಂದರೆ ಬಿ.ಎನ್. ಸುಬ್ಬಮ್ಮ. ‘ತ್ರಿವೇಣಿ’ ಅಂದರೆ ಅನಸೂಯಾ ಶಂಕರ್.

ಆದ್ದರಿಂದ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ತವರಿನ ಹೆಸರು, ಗಂಡನ ಹೆಸರು, ಊರಿನ ಹೆಸರು, ಇನಿಷಿಯಲ್ಲು, ಕಾವ್ಯನಾಮ, ‘ಶ್ರೀಮತಿ’ ಸೇರಿದ ರೂಪ, ‘ಮಿಸೆಸ್’ ಸೇರಿದ ರೂಪ ಎಲ್ಲವನ್ನೂ ಬರೆಯಿರಿ. ಅದರ ಪಕ್ಕದಲ್ಲಿ ರೋಮನ್ ಲಿಪಿಯಲ್ಲಿ ಆ ಹೆಸರು ಎಷ್ಟು ಬಗೆಯಲ್ಲಿ ಕೆಡಬಹುದೋ ಅಷ್ಟನ್ನೂ ಬರೆಯಿರಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ, ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹ, ಇಂಟರ್ನೆಟ್ ಆರ್ಕೈವ್ ಇವುಗಳಲ್ಲಿ ಹಳೆಯ ಕನ್ನಡ ಪುಸ್ತಕಗಳು ಸಾವಿರಗಟ್ಟಲೆ ಇವೆ. ಆದರೆ ಅವುಗಳ ಹೆಸರನ್ನು ಟೈಪ್ ಮಾಡಿದವರಿಗೆ ಕನ್ನಡ ಬರುತ್ತಿತ್ತೇ ಎಂದು ಸಂಶಯ ಬರುವಷ್ಟು ಕಾಗುಣಿತ ಅಲ್ಲಿ ನಲುಗಿದೆ. ಕನ್ನಡದಲ್ಲೇ ಹುಡುಕಲು ‘ಪುಸ್ತಕ ಸಂಚಯ’ ಜಾಲತಾಣ ನೆರವಾಗುತ್ತದೆ. ಅಲ್ಲೂ ಸಿಗದಿದ್ದರೆ ಪುಸ್ತಕದ ಹೆಸರು ಹಾಕಿ ನೋಡಿ. ಅದೂ ಸೋತರೆ ಮುದ್ರಣಾಲಯದ ಹೆಸರು ಹಾಕಿ.

3. 1956ರ ಹಿಂದಿನ ಭೂಪಟವನ್ನು ಎದುರಿಗಿಟ್ಟುಕೊಳ್ಳಿ

ಏಕೀಕರಣಕ್ಕೆ ಮುಂಚೆ ಕನ್ನಡ ಪುಸ್ತಕಗಳು ಒಂದೇ ಸರ್ಕಾರದ ಕೆಳಗೆ ಅಚ್ಚಾಗಲಿಲ್ಲ. ಮಂಗಳೂರಿನದು ಮದರಾಸಿಗೆ ಸೇರಿತ್ತು, ಧಾರವಾಡದ್ದು ಮುಂಬಯಿಗೆ. ಕಲಬುರಗಿ ಹೈದರಾಬಾದಿನ ನಿಜಾಮರ ಕೆಳಗಿತ್ತು. ಮೈಸೂರು ಬೇರೆ, ಕೊಡಗು ಇನ್ನೂ ಬೇರೆ. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಅಚ್ಚಾದ ಪುಸ್ತಕವನ್ನು ಸರ್ಕಾರಕ್ಕೆ ಒಪ್ಪಿಸಬೇಕಿತ್ತು. ಮೂರು ತಿಂಗಳಿಗೊಮ್ಮೆ ಪಟ್ಟಿಯೂ ಹೊರಡುತ್ತಿತ್ತು. ಆ ಪಟ್ಟಿಗಳಲ್ಲಿ ಪುಟಸಂಖ್ಯೆ, ಬೆಲೆ, ಮುದ್ರಕನ ಹೆಸರು ಎಲ್ಲ ಇರುತ್ತವೆ.

ಹೀಗಾಗಿ ಕರಾವಳಿಯ ಲೇಖಕಿಯ ಪುಸ್ತಕ ಬೆಂಗಳೂರಿನಲ್ಲಿ ಇಲ್ಲವೆಂದು ಕೈಚೆಲ್ಲುವ ಮೊದಲು ಚೆನ್ನೈನ ಕನ್ನೆಮಾರಾ ಗ್ರಂಥಾಲಯ ನೋಡಿ. ಉತ್ತರ ಕರ್ನಾಟಕದವರದಾದರೆ ಮುಂಬಯಿ ನೋಡಿ, ಧಾರವಾಡದಲ್ಲಿ 1890ರಿಂದ ನಡೆದು ಬಂದಿರುವ ವಿದ್ಯಾವರ್ಧಕ ಸಂಘ ನೋಡಿ. ಉಡುಪಿಯಲ್ಲಿ ಗೋವಿಂದ ಪೈ ಸಂಶೋಧನ ಕೇಂದ್ರ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ಗ್ರಂಥಾಲಯ ಇವೆ. 1954ರ ನಂತರದ ಪುಸ್ತಕವಾದರೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವನ್ನೂ ಕೇಳಬೇಕು. ಪ್ರಕಾಶಕರು ಪ್ರತಿ ಕಳಿಸಬೇಕೆಂಬ ಕಾನೂನು ಆ ವರ್ಷ ಬಂತು. ಎಲ್ಲರೂ ಕಳಿಸಿದರೆಂದು ಅರ್ಥವಲ್ಲ.

4. ಪುಸ್ತಕವನ್ನು ಹಿಂದಿನಿಂದ ಓದಿ

ಹಳೆಯ ಪುಸ್ತಕದ ಕೊನೆಯ ಪುಟಗಳಲ್ಲಿರುವ ಜಾಹೀರಾತಿಗಿಂತ ಒಳ್ಳೆಯ ಗ್ರಂಥಸೂಚಿ ಇಲ್ಲ. ತಿರುಮಲಾಂಬ 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು. ಇಂಥ ಮಾಲೆಯ ಒಂದು ಪುಸ್ತಕ ಕೈಗೆ ಬಂದರೆ ಉಳಿದವುಗಳ ಹೆಸರು ಅದರ ಬೆನ್ನಲ್ಲೇ ಇರುತ್ತದೆ: ಯಾವುದು ಅಚ್ಚಿನಲ್ಲಿದೆ, ಯಾವುದಕ್ಕೆ ಎಷ್ಟು ಆಣೆ, ಯಾರ ವಿಳಾಸಕ್ಕೆ ಬರೆಯಬೇಕು. ‘ಅರಿಕೆ’, ‘ಬಿನ್ನಹ’ ಎಂಬ ಸಣ್ಣ ಬರಹಗಳನ್ನು ಹಾರಿಸಬೇಡಿ. ಹಣ ಕೊಟ್ಟವರು, ಕರಡು ತಿದ್ದಿದವರು, ಕಾಗದ ಸಿಗದೆ ತಡವಾದ ಕತೆ ಎಲ್ಲ ಅಲ್ಲೇ ಅಡಗಿರುತ್ತವೆ.

5. ಪುಸ್ತಕಕ್ಕಿಂತ ಪತ್ರಿಕೆ ದೊಡ್ಡ ಗಣಿ

ಹೆಂಗಸರು ಬರೆದದ್ದರಲ್ಲಿ ಪುಸ್ತಕವಾದದ್ದು ಸ್ವಲ್ಪ, ಪತ್ರಿಕೆಯಲ್ಲೇ ಉಳಿದದ್ದು ಬಹಳ. ತಿರುಮಲಾಂಬ ‘ಕರ್ನಾಟಕ ನಂದಿನಿ’ ನಡೆಸಿದರು. ಕಲ್ಯಾಣಮ್ಮ ‘ಸರಸ್ವತಿ’ಯನ್ನು ನಾಲ್ಕು ದಶಕ ಎಳೆದರು. ಅದರ ಜೊತೆಗೆ 1938ರಲ್ಲಿ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು. ಮಕ್ಕಳ ಕೂಟದ ವೃತ್ತದಲ್ಲಿ ದಿನವೂ ಬಸ್ಸು ಇಳಿಯುವ ಎಷ್ಟು ಜನಕ್ಕೆ ಈ ಸಂಪಾದಕಿಯ ಹೆಸರು ಗೊತ್ತು? ಸರಸ್ವತೀಬಾಯಿ ರಾಜವಾಡೆ ಉಡುಪಿಯಿಂದ ‘ಸುಪ್ರಭಾತ’ ತಂದರು.

ಸಾಮಾನ್ಯ ಪತ್ರಿಕೆಗಳ ಸಂಪುಟಗಳನ್ನೂ ನೋಡಬೇಕು. ‘ಜಯಕರ್ನಾಟಕ’, ‘ಪ್ರಬುದ್ಧ ಕರ್ನಾಟಕ’, ‘ಜಯಂತಿ’, ‘ಜೀವನ’ ಇವುಗಳ ವಾರ್ಷಿಕ ವಿಷಯಸೂಚಿಯಿಂದ ಶುರುಮಾಡಿ. ಆದರೆ ಅದನ್ನೇ ನಂಬಿ ಕೂರಬೇಡಿ. ಓದುಗರ ಪತ್ರ, ಪುಸ್ತಕ ವಿಮರ್ಶೆ, ಮರಣವಾರ್ತೆ ಇವು ಸೂಚಿಯಲ್ಲಿ ಇರುವುದಿಲ್ಲ. ಲೇಖಕಿಯ ಜಗಳಗಳು ಸಿಗುವುದು ಅಲ್ಲೇ. ಜಗಳ ಸಿಕ್ಕಿದರೆ ಅವರ ಕಾಲ ಸಿಕ್ಕಿದಂತೆ.

6. ಸಿನಿಮಾದ ಟೈಟಲ್ ಕಾರ್ಡ್ ನೋಡಿ

‘ಎರಡು ಕನಸು’, ‘ಶುಭಮಂಗಳ’, ‘ಹೊಸಬೆಳಕು’. ಹಾಡು ಎಲ್ಲರ ಬಾಯಲ್ಲಿದೆ. ಮೂರಕ್ಕೂ ಮೂಲ ವಾಣಿಯವರ ಕಾದಂಬರಿಗಳು. ಎಪ್ಪತ್ತರ ದಶಕದ ಕನ್ನಡ ಚಿತ್ರಗಳ ಆರಂಭದ ಎರಡು ನಿಮಿಷವನ್ನು ಪೆನ್ನು ಹಿಡಿದು ನೋಡಿದರೆ ಒಂದು ಓದುವ ಪಟ್ಟಿಯೇ ಸಿದ್ಧವಾಗುತ್ತದೆ.

7. ಮನೆಯ ಬಾಗಿಲು ತಟ್ಟಿ, ಆದರೆ ಟ್ರಂಕು ಹೊತ್ತು ತರಬೇಡಿ

‘ಅಜ್ಜಿ ಏನೋ ಬರೀತಿದ್ರಂತೆ’ ಎನ್ನುವ ಮನೆಗಳು ಎಲ್ಲ ಊರಲ್ಲೂ ಇವೆ. ಅಲ್ಲಿಗೆ ಹೋದಾಗ ಮೂಲ ಪ್ರತಿಯನ್ನು ಎರವಲು ಕೇಳಬೇಡಿ. ಎರವಲು ಹೋದ ಹಸ್ತಪ್ರತಿ ಮರಳುವುದಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿರುತ್ತದೆ. ಅಲ್ಲೇ ಕಿಟಕಿಯ ಬೆಳಕಿನಲ್ಲಿ ಮೊಬೈಲಿನಿಂದ ಫೋಟೋ ತೆಗೆದುಕೊಳ್ಳಿ, ಅದರ ಒಂದು ಪ್ರತಿಯನ್ನು ಮನೆಯವರಿಗೂ ಕಳಿಸಿ. ಪತ್ರ, ದಿನಚರಿ, ಕತ್ತರಿಸಿಟ್ಟ ಪತ್ರಿಕೆ ಚೂರು, ಹಾಡಿನ ಪುಸ್ತಕ, ಕೊನೆಗೆ ಲೆಕ್ಕದ ಪುಸ್ತಕ ಕೂಡ ಕೇಳಿ. ಕತೆಯನ್ನು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದವರು ಕಡಿಮೆಯಲ್ಲ.

ಲೇಖಕಿ ಬದುಕಿದ್ದರೆ ಮಾತನ್ನೇ ದಾಖಲಿಸಿ. ಮಾದರಿ ಬೇಕೆಂದರೆ ವೈದೇಹಿಯವರ ‘ಮುಂತಾದ ಕೆಲ ಪುಟಗಳು’ ಓದಿ. ಸರಸ್ವತೀಬಾಯಿ ರಾಜವಾಡೆಯವರ ಬದುಕು ನಮಗೆ ಉಳಿದಿರುವುದು ಒಬ್ಬ ಲೇಖಕಿ ಇನ್ನೊಬ್ಬ ಲೇಖಕಿಯ ಎದುರು ಕುಳಿತು ಕೇಳಿಸಿಕೊಂಡದ್ದರಿಂದ. ಸಂದರ್ಶಕಿಯ ಜಾಣತನ ಅಲ್ಲಿ ಎಲ್ಲೂ ಮೆರೆಯುವುದಿಲ್ಲ. ಅದೇ ಅದರ ಗುಣ.

8. ಏನನ್ನು ಕತ್ತರಿಸಿದ್ದಾರೆ ಎಂದು ನೋಡಿ

ಈ ಸೂತ್ರವನ್ನು ಕಲಿಸಿದವರು ಬೆಂಗಳೂರು ನಾಗರತ್ನಮ್ಮ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರೆಂದು ಸಂಗೀತದವರಿಗೆಲ್ಲ ಅವರ ಹೆಸರು ಗೊತ್ತು. ಆದರೆ ಅವರು ಗ್ರಂಥಸಂಪಾದಕಿಯೂ ಹೌದು. ಹುಟ್ಟಿದ್ದು 1878ರಲ್ಲಿ, ತಿರುಮಲಾಂಬ ಅವರ ಊರಾದ ಅದೇ ನಂಜನಗೂಡಿನಲ್ಲಿ. ಒಬ್ಬರು ಬಾಲವಿಧವೆ, ಒಬ್ಬರು ದೇವದಾಸಿ ಮನೆತನದವರು. ಒಂಬತ್ತು ವರ್ಷದ ಅಂತರದಲ್ಲಿ ಹುಟ್ಟಿ ಇಬ್ಬರೂ ಪುಸ್ತಕ ಅಚ್ಚುಹಾಕಿಸಲು ಹೊರಟರು. ಆ ಊರಿನ ನೀರಿನ ಬಗ್ಗೆ ಯಾರಾದರೂ ಬರೆಯಬೇಕು.

ಮುದ್ದುಪಳನಿ ಎಂಬ ಕವಯಿತ್ರಿ ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದಳು. ‘ರಾಧಿಕಾ ಸಾಂತ್ವನಮು’ ಅವಳ ತೆಲುಗು ಕಾವ್ಯ. ನಾಗರತ್ನಮ್ಮನವರಿಗೆ ಒಂದು ಅಚ್ಚಿನ ಪ್ರತಿ ಸಿಕ್ಕಿತು. ಆಮೇಲೆ ಹಸ್ತಪ್ರತಿಯೂ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಚ್ಚಿನಲ್ಲಿ ಪದ್ಯಗಳು ಮಾಯ, ಪೀಠಿಕೆಯೂ ಮಾಯ. ಶೃಂಗಾರ ಪದ್ಯಗಳನ್ನು ಬಿಟ್ಟದ್ದು ಮಡಿವಂತಿಕೆ ಎನ್ನೋಣ. ಪೀಠಿಕೆಯನ್ನು ಏಕೆ ಬಿಡಬೇಕಿತ್ತು? ಅದರಲ್ಲಿ ಮುದ್ದುಪಳನಿ ತನ್ನ ವಂಶವನ್ನು ಅಜ್ಜಿಯ ಮೂಲಕ, ಸೋದರತ್ತೆಯ ಮೂಲಕ ಹೇಳಿಕೊಂಡಿದ್ದಳು. ಕವಿಯ ಕುಲ ಹೆಂಗಸರ ಕಡೆಯಿಂದ ಹರಿದು ಬಂದದ್ದು ಸಂಪಾದಕನಿಗೆ ಮುಖ್ಯವೆನಿಸಲಿಲ್ಲ.

ನಾಗರತ್ನಮ್ಮ ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಪೂರ್ಣಪಾಠ ತಂದರು. ಆಗಿನ ದೊಡ್ಡ ಸಮಾಜಸುಧಾರಕ ವೀರೇಶಲಿಂಗಂ ಪಂತುಲು ಈ ಕಾವ್ಯವನ್ನು ಹೀನಾಯವಾಗಿ ಬೈದಿದ್ದರು. ಗಂಡಸರು ಬರೆದ ಶೃಂಗಾರಕ್ಕೆ ಇಲ್ಲದ ಆಕ್ಷೇಪ ಹೆಣ್ಣು ಬರೆದಾಗ ಎಲ್ಲಿಂದ ಬಂತು ಎಂದು ನಾಗರತ್ನಮ್ಮ ಮುನ್ನುಡಿಯಲ್ಲೇ ಕೇಳಿದರು. ಮರುವರ್ಷ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ಮುಟ್ಟುಗೋಲು ಹಾಕಿತು. ನಿಷೇಧ ಹೋದದ್ದು ಮೂರೂವರೆ ದಶಕದ ಮೇಲೆ, ಟಂಗುಟೂರಿ ಪ್ರಕಾಶಂ ಮದರಾಸಿನ ಸರ್ಕಾರ ನಡೆಸುತ್ತಿದ್ದಾಗ. ಹೊಸ ಮುದ್ರಣ ಬಂದದ್ದು 1952ರಲ್ಲಿ, ನಾಗರತ್ನಮ್ಮ ತೀರಿಕೊಂಡ ವರ್ಷ. ಇಷ್ಟಾದ ಮೇಲೂ ಸೂಸಿ ಥಾರು ಮತ್ತು ಕೆ. ಲಲಿತಾ ಭಾರತೀಯ ಲೇಖಕಿಯರ ದೊಡ್ಡ ಸಂಕಲನಕ್ಕಾಗಿ ಹುಡುಕುವಾಗ ಅದರ ಪ್ರತಿಗೆ ಪರದಾಡಬೇಕಾಯಿತು.

ನಿಮಗೆ ಇದರಿಂದ ಕೆಲಸದ ಪಾಠ ಇಷ್ಟು. ಒಂದೇ ಮುದ್ರಣವನ್ನು ನಂಬಬೇಡಿ. ಪತ್ರಿಕೆಯಲ್ಲಿ ಬಂದ ಕತೆಗೂ ಸಂಕಲನದ ಕತೆಗೂ ಸಾಲುಸಾಲಾಗಿ ತಾಳೆ ನೋಡಿ. ಲೇಖಕಿ ಸತ್ತ ಮೇಲೆ ಬಂದ ಪುಸ್ತಕವಾದರೆ ಇನ್ನಷ್ಟು ಎಚ್ಚರ ಬೇಕು. ಹಳೆಯ ಕಾಗುಣಿತ ತಿದ್ದಲೇಬೇಕೆಂದರೆ ತಿದ್ದಿದ್ದೀರೆಂದು ಮೊದಲ ಪುಟದಲ್ಲೇ ಹೇಳಿ. ನಿಮ್ಮ ‘ಸುಧಾರಣೆ’ ನಾಳೆ ಇನ್ನೊಬ್ಬರ ತಲೆನೋವು.

9. ದಂತಕತೆ ಪುಸ್ತಕವನ್ನು ನುಂಗದಿರಲಿ

ಗೌರಮ್ಮ ಎಂದೊಡನೆ ಎರಡು ಸಂಗತಿ ಹೇಳುತ್ತಾರೆ. 1934ರಲ್ಲಿ ಗಾಂಧಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಒಡವೆ ಬಿಚ್ಚಿಕೊಟ್ಟದ್ದು. 1939ರ ಏಪ್ರಿಲ್‌ನಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಈಜುವಾಗ ಹೊಳೆಯ ಪಾಲಾದದ್ದು. ಬೇಂದ್ರೆಯವರು ಅವರ ಮೇಲೆ ಬರೆದ ಕವಿತೆಯೂ ಇದಕ್ಕೆ ಸೇರುತ್ತದೆ. ಅಲ್ಲಿಗೆ ಭಾಷಣ ಮುಗಿಯಿತು. ‘ಕಂಬನಿ’, ‘ಚಿಗುರು’ ಎಂಬ ಎರಡು ಸಂಕಲನಗಳಲ್ಲಿ ಅವರು ಏನು ಮಾಡಿದ್ದಾರೆಂಬ ಮಾತೇ ಬರುವುದಿಲ್ಲ.

ಮಾಡಿದ್ದು ಸಣ್ಣದಲ್ಲ. ವಿಧವೆಯ ಮರುಮದುವೆ, ಜಾತಿಯ ಗೆರೆ ದಾಟಿದ ಪ್ರೀತಿ, ಮದುವೆಯೊಳಗಿನ ಒಂಟಿತನ ಇವನ್ನು ಉಪದೇಶವಿಲ್ಲದೆ, ಕಾಗದದ ಧಾಟಿಯಲ್ಲಿ, ಮಾತುಕತೆಯ ಧಾಟಿಯಲ್ಲಿ ಹೇಳಿದರು. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು?’ ಕತೆಗಳ ಹೆಸರಿನಲ್ಲೇ ತೀರ್ಪು ಕೊಡಲು ಒಪ್ಪದ ಮನಸ್ಸು ಕಾಣುತ್ತದೆ. ಸಾವಿನ ಕತೆ ಒಂದು ಪ್ಯಾರಾಕ್ಕೆ ಸಾಕು. ಉಳಿದ ಜಾಗ ಬರಹಕ್ಕೆ ಕೊಡಿ. ‘ಮೊದಲ’ ಎಂಬ ಬಿರುದಿನ ಗತಿಯೂ ಇಷ್ಟೆ. ನಾಳೆ ಇನ್ನೊಂದು ಹಳೆಯ ಪುಸ್ತಕ ಸಿಕ್ಕರೆ ಬಿರುದು ಕಳಚುತ್ತದೆ, ಆಗ ಲೇಖಕಿಗೆ ಬೇರೇನೂ ಉಳಿಯುವುದಿಲ್ಲ.

10. ಒಪ್ಪದಿದ್ದರೆ ಒಪ್ಪುವುದಿಲ್ಲ ಎನ್ನಿ

ತಿರುಮಲಾಂಬ ಹದಿಹರೆಯದಲ್ಲೇ ವಿಧವೆಯಾದವರು, ಸ್ವಂತ ಪ್ರಕಾಶನ ನಡೆಸಿದವರು, ಪತ್ರಿಕೆ ಕಟ್ಟಿದವರು. ಹಾಗಾದರೆ ಕಾದಂಬರಿಗಳಲ್ಲಿ ಬಂಡಾಯ ಇರಬೇಕೆಂದು ತೆರೆದರೆ ಪಾತಿವ್ರತ್ಯದ ಬೋಧೆ ಎದುರಾಗುತ್ತದೆ. ಮಾಲೆಯ ಹೆಸರೇ ಸತೀಹಿತೈಷಿಣೀ. ಇವತ್ತಿನ ಓದುಗಿಗೆ ಕಸಿವಿಸಿಯಾಗುವುದು ಸಹಜ. ಆಗ ಎರಡು ಆಮಿಷ ಬರುತ್ತವೆ. ಒಂದು, ಅವರನ್ನು ಗುಟ್ಟಿನ ಸ್ತ್ರೀವಾದಿ ಮಾಡಿ ನಾಲ್ಕು ಸಾಲು ಹೆಕ್ಕುವುದು. ಇನ್ನೊಂದು, ಹಳಸಲು ಎಂದು ಮುಚ್ಚಿಡುವುದು. ಎರಡೂ ಬೇಡ. ಬದುಕಿನಲ್ಲಿ ಅಷ್ಟು ಗೆರೆ ದಾಟಿದವರು ಬರಹದಲ್ಲಿ ಏಕೆ ಗೆರೆಯೊಳಗೆ ನಿಂತರು, ಓದುವ ಮನೆಗಳ ಬಾಗಿಲು ತೆರೆಸಲು ಆ ಬೋಧೆಯೇ ಬೇಕಾಯಿತೇ ಎಂದು ಕೇಳಿ. ನನಗೆ ಅವರ ಕಾದಂಬರಿಗಿಂತ ಅವರು ಪ್ರಕಾಶಕಿಯಾಗಿ ಮಾಡಿದ ಕೆಲಸವೇ ದೊಡ್ಡದೆನಿಸುತ್ತದೆ. ನಿಮಗೆ ಬೇರೆ ಅನ್ನಿಸಬಹುದು. ಕೆಟ್ಟ ಪುಸ್ತಕವನ್ನು ಕೆಟ್ಟದ್ದು ಎನ್ನುವ ಧೈರ್ಯವಿದ್ದವರು ಒಳ್ಳೆಯದು ಎಂದಾಗ ಜನ ನಂಬುತ್ತಾರೆ.

11. ಹಕ್ಕಿನ ಲೆಕ್ಕ ಕಲಿಯಿರಿ

ಭಾರತದಲ್ಲಿ ಬರಹಗಾರರು ತೀರಿದ ಮರುವರ್ಷದಿಂದ ಅರವತ್ತು ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅವರ ಬದುಕಿನ ಕಾಲದಲ್ಲಿ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. ತಿರುಮಲಾಂಬ 1982ರವರೆಗೆ ಬದುಕಿದ್ದರು, ಆದ್ದರಿಂದ 1913ರ ‘ಸುಶೀಲೆ’ಗೂ 2042ರ ಕೊನೆಯವರೆಗೆ ಹಕ್ಕು ಇದೆ. ಪುಸ್ತಕ ಹಳೆಯದಾದಷ್ಟಕ್ಕೆ ಮುಕ್ತವಾಗಿದೆ ಎಂದುಕೊಳ್ಳಬೇಡಿ. ಮರಣೋತ್ತರ ಪ್ರಕಟಣೆಗೆ ಲೆಕ್ಕ ಬೇರೆ: ಪ್ರಕಟವಾದ ಮರುವರ್ಷದಿಂದ ಅರವತ್ತು. ಲೇಖಕರು ಯಾರೆಂದು ತಿಳಿಯದ ಕಾವ್ಯನಾಮದ ಕೃತಿಗೂ ಹಾಗೆಯೇ. ವಾರಸುದಾರರು ಪತ್ತೆಯೇ ಆಗದಿದ್ದರೆ ಹಕ್ಕುಸ್ವಾಮ್ಯ ಕಾಯಿದೆಯ 31ಎ ಕಲಮಿನ ಪ್ರಕಾರ ಪತ್ರಿಕಾ ಪ್ರಕಟಣೆ ಕೊಟ್ಟು ಪರವಾನಗಿಗೆ ಅರ್ಜಿ ಹಾಕುವ ದಾರಿಯಿದೆ. ದಾರಿ ಉದ್ದ. ಮೊಮ್ಮಕ್ಕಳನ್ನು ಹುಡುಕುವುದೇ ಸುಲಭ. ಸಾಮಾನ್ಯವಾಗಿ ಅವರು ಬೇಡವೆನ್ನುವುದಿಲ್ಲ, ಕೇಳಿದ್ದಕ್ಕೇ ಖುಷಿಪಡುತ್ತಾರೆ.

12. ಸ್ಕ್ಯಾನ್ ಮಾಡುವಾಗ ಜಿಪುಣತನ ಬೇಡ

ಬಣ್ಣದಲ್ಲಿ, ಕನಿಷ್ಠ 300 ಡಿಪಿಐ. ರಟ್ಟು, ಬೆನ್ನು, ಜಾಹೀರಾತು, ಯಾರೋ ಬರೆದ ‘ಪ್ರೀತಿಯ ಸೊಸೆಗೆ’ ಎಲ್ಲ ಸೇರಲಿ. ಮೊಳೆ ಅಚ್ಚಿನ ಸವೆದ ಒತ್ತಕ್ಷರಗಳನ್ನು ಯಂತ್ರ ತಪ್ಪಾಗಿ ಓದುತ್ತದೆ, ಆದ್ದರಿಂದ ಮನುಷ್ಯರು ಕರಡು ತಿದ್ದಲೇಬೇಕು. ಹಕ್ಕು ಮುಗಿದ ಕೃತಿಯಾದರೆ ಕನ್ನಡ ವಿಕಿಸೋರ್ಸ್‌ಗೆ ಏರಿಸಿ. ಅಲ್ಲಿ ಪುಟದ ಚಿತ್ರವೂ ಪಠ್ಯವೂ ಅಕ್ಕಪಕ್ಕ ನಿಲ್ಲುತ್ತವೆ, ತಿದ್ದಲು ನಾಲ್ಕು ಜನ ಸಿಗುತ್ತಾರೆ.

13. ಮಾರುವುದು ಕೀಳಲ್ಲ

ಲಂಡನ್ನಿನ ವಿರಾಗೊ ಪ್ರಕಾಶನ 1978ರಲ್ಲಿ ಮರೆತ ಲೇಖಕಿಯರ ಮಾಲೆ ಶುರುಮಾಡಿತು. ಮೊದಲ ಪುಸ್ತಕ ಆಂಟೋನಿಯಾ ವೈಟ್ ಅವರ ಕಾದಂಬರಿ. ಎಲ್ಲ ಪುಸ್ತಕಕ್ಕೂ ಒಂದೇ ಹಸಿರು ಬೆನ್ನು. ಅಂಗಡಿಯಲ್ಲಿ ಹಸಿರು ಕಂಡರೆ ಲೇಖಕಿಯ ಹೆಸರು ಕೇಳದವರೂ ಕೊಂಡರು. ನಮ್ಮಲ್ಲಿ ಮರುಮುದ್ರಣವೆಂದರೆ ಸಾವಿರ ಪುಟದ ‘ಸಮಗ್ರ’. ಅದು ಗ್ರಂಥಾಲಯದ ಮೇಲಿನ ಅಟ್ಟಕ್ಕೆ ನೇರ ಹೋಗುತ್ತದೆ. ನೂರಿಪ್ಪತ್ತು ಪುಟದ ಒಂದು ಕತೆಪುಸ್ತಕ, ಒಳ್ಳೆಯ ಮುಖಪುಟ, ಮೂರು ಪುಟದ ಮುನ್ನುಡಿ, ಕೈಗೆಟುಕುವ ಬೆಲೆ ಇಷ್ಟಿದ್ದರೆ ಓದುಗರು ಬರುತ್ತಾರೆ. ಈಗ ಬೇಡಿಕೆ ಇದ್ದಷ್ಟೇ ಅಚ್ಚು ಹಾಕುವ ಅನುಕೂಲವೂ ಇದೆ.

ಅನುವಾದವೂ ಮರುಜೀವವೇ. ಮಡಿಕೇರಿಯ ದೀಪಾ ಭಾಸ್ತಿ ಗೌರಮ್ಮನ ಕತೆಗಳನ್ನು 2023ರಲ್ಲಿ ಇಂಗ್ಲಿಷಿನಲ್ಲಿ ತಂದರು. ಎರಡು ವರ್ಷದ ಮೇಲೆ ಬಾನು ಮುಷ್ತಾಕ್ ಅವರ ಕತೆಗಳ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ‘ಈ ಅನುವಾದಕಿ ಹಿಂದೆ ಏನು ಮಾಡಿದ್ದರು’ ಎಂದು ಹುಡುಕಿದವರಿಗೆ ಗೌರಮ್ಮ ಸಿಕ್ಕರು.

14. ಇವತ್ತಿನ ರದ್ದಿಯನ್ನು ಇವತ್ತೇ ನೋಡಿ

ನೂರು ವರ್ಷದ ಹಿಂದಿನವರನ್ನು ಹುಡುಕುವ ಸಡಗರದಲ್ಲಿ ನಲವತ್ತು ವರ್ಷದ ಹಿಂದಿನವರು ಕೈಜಾರುತ್ತಿದ್ದಾರೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ವಾರಪತ್ರಿಕೆಗಳಿಗೆ ಧಾರಾವಾಹಿ ಬರೆದ ಲೇಖಕಿಯರ ಕಾದಂಬರಿಗಳು ಬಡಾವಣೆಯ ಬಾಡಿಗೆ ಗ್ರಂಥಾಲಯಗಳಲ್ಲಿದ್ದವು. ‘ಹೆಂಗಸರ ಕಾದಂಬರಿ’ ಎಂದು ವಿಮರ್ಶಕರು ಮೂಗು ಮುರಿದ ಕಾರಣ ಯಾವ ವಿಶ್ವವಿದ್ಯಾಲಯವೂ ಅವನ್ನು ಕೂಡಿಡಲಿಲ್ಲ. ಆ ಗ್ರಂಥಾಲಯಗಳು ಒಂದೊಂದಾಗಿ ಮುಚ್ಚಿ, ಪುಸ್ತಕಗಳು ಕಿಲೋ ಲೆಕ್ಕದಲ್ಲಿ ಹೋಗುತ್ತಿವೆ. ನಿಮ್ಮ ಬಡಾವಣೆಯಲ್ಲಿ ಇನ್ನೂ ಒಂದು ಉಳಿದಿದ್ದರೆ ಈ ಭಾನುವಾರ ಹೋಗಿ ಕಪಾಟುಗಳ ಫೋಟೋ ತೆಗೆಯಿರಿ. ಪುಸ್ತಕದ ಮೊದಲ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ಎರವಲು ಹೋದ ತಾರೀಖುಗಳು ಇರುತ್ತವೆ. ಅತಿ ಹೆಚ್ಚು ಮುದ್ರೆ ಬಿದ್ದ ಲೇಖಕಿ ಯಾರೆಂದು ನೋಡಿ. ಅವರು ಬದುಕಿದ್ದರೆ ಪ್ರಕಾಶಕರಿಂದ ಫೋನ್ ನಂಬರ್ ಪಡೆದು ಇದೇ ವಾರ ಹೋಗಿ ಬನ್ನಿ. ಮರುಮುದ್ರಣದ ಒಪ್ಪಿಗೆ ಪತ್ರ ಬ್ಯಾಗಿನಲ್ಲಿರಲಿ, ಪೆನ್ನೂ ಇರಲಿ.